ಗ್ರೀನ್ ಟೀ: ಲೋಟ, ಮಾತ್ರೆ, ಮುಲಾಮು



ಗ್ರೀನ್ ಟೀ ಒಳ್ಳೆಯದೇ ಡಾಕ್ಟ್ರೇ ಎಂದು ನನ್ನ ಬಳಿ ಬರುವ ರೋಗಿಗಳಲ್ಲಿ ಅನೇಕರು ಕೇಳುತ್ತಾರೆ. ವಿಚಾರಿಸಿ ನೋಡಿದರೆ ಒಬ್ಬರ ಮನಸ್ಸಿನಲ್ಲಿರುವುದು ಬೆಳಿಗ್ಗೆ ಕುಡಿಯುವ ಲೋಟ, ಇನ್ನೊಬ್ಬರದು ತೂಕ ಇಳಿಸಲು ತರಿಸಿಕೊಂಡ ಮಾತ್ರೆ, ಮತ್ತೊಬ್ಬರದು ಮುಖಕ್ಕೆ ಹಚ್ಚುವ ಕ್ರೀಮು. ಮೂರಕ್ಕೂ ಹೆಸರು ಒಂದೇ ಆದರೂ ಪುರಾವೆ ಬೇರೆ ಬೇರೆ. ಒಂದರ ಪುರಾವೆಯನ್ನು ಇನ್ನೊಂದಕ್ಕೆ ಎರವಲು ಕೊಡಬಾರದು ಎಂಬುದೇ ಈ ಹೊತ್ತಿನ ನನ್ನ ಮಾತು.

ನಾವು ಹಾಲು ಹಾಕಿ ಕುಡಿಯುವ ಚಹಾ ಮತ್ತು ಗ್ರೀನ್ ಟೀ ಒಂದೇ ಗಿಡದ ಎಲೆಗಳು. ಎಲೆಯನ್ನು ಕಿತ್ತ ಕೂಡಲೇ ಜಪಾನಿನಲ್ಲಿ ಹಬೆಯಾಡಿಸುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಆ ಬಿಸಿಗೆ ಎಲೆಯೊಳಗಿನ ಕಿಣ್ವ ಕೆಲಸ ನಿಲ್ಲಿಸುತ್ತದೆ, ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳು ಬಹುಪಾಲು ಹಾಗೆಯೇ ಉಳಿಯುತ್ತವೆ. ಕಪ್ಪು ಚಹಾದಲ್ಲಿ ಅವು ಬೇರೆ ಸಂಯುಕ್ತಗಳಾಗಿ ಮಾರ್ಪಡುತ್ತವೆ. ಚಹಾ ಔಷಧಿಯೆಂದು ಜಪಾನಿನ ಬೌದ್ಧ ಸನ್ಯಾಸಿ ಐಸಾಯಿ 1211ರಲ್ಲೇ ಪುಸ್ತಕ ಬರೆದಿದ್ದರು. ಆದರೆ ಗ್ರೀನ್ ಟೀಯಿಂದ ಕ್ಯಾಟೆಚಿನ್ನನ್ನು ಬೇರ್ಪಡಿಸಿ ತೋರಿಸಿದ್ದು 1929ರಲ್ಲಿ, ಮಿಚಿಯೊ ತ್ಸುಜಿಮುರಾ ಎಂಬ ವಿಜ್ಞಾನಿ. 1932ರಲ್ಲಿ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆ ಅವರು. ಈ ಸಭೆಯಲ್ಲಿ ಕುಳಿತಿರುವ ವಿದ್ಯಾರ್ಥಿನಿಯರು ಆ ಹೆಸರನ್ನು ನೆನಪಿಟ್ಟುಕೊಳ್ಳಬೇಕೆಂದು ನನಗೆ ಆಸೆ.

ಮೊದಲು ಲೋಟದ ವಿಚಾರ. ಈಶಾನ್ಯ ಜಪಾನಿನ ಓಸಾಕಿ ಪ್ರದೇಶದಲ್ಲಿ 40,530 ವಯಸ್ಕರನ್ನು ಹನ್ನೊಂದು ವರ್ಷಗಳವರೆಗೆ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರನ್ನು ಒಂದು ಬಟ್ಟಲಿಗೂ ಕಡಿಮೆ ಕುಡಿಯುವವರೊಂದಿಗೆ ಹೋಲಿಸಿದಾಗ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಆಗುವ ಸಾವು ಮಹಿಳೆಯರಲ್ಲಿ ಶೇ. 31ರಷ್ಟು, ಪುರುಷರಲ್ಲಿ ಶೇ. 22ರಷ್ಟು ಕಡಿಮೆ ಇತ್ತು. ಕ್ಯಾನ್ಸರ್ ಸಾವುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಬಟ್ಟಲು ಸುಮಾರು 100 ಮಿಲಿಲೀಟರಿನದು. ಐದು ಬಟ್ಟಲೆಂದರೆ ಅರ್ಧ ಲೀಟರ್ ಅಷ್ಟೇ. ಇದು ಜನರ ರೂಢಿಯನ್ನು ಗಮನಿಸಿದ ಅಧ್ಯಯನವಾದ್ದರಿಂದ ಚಹಾವೇ ಕಾರಣವೆಂದು ಖಚಿತವಾಗಿ ಹೇಳಲು ಬಾರದು. ಹಾಗಿದ್ದರೂ ಸಕ್ಕರೆಯಿಲ್ಲದ ಒಂದು ಪಾನೀಯದ ಪರವಾಗಿ ಇದು ತೂಕದ ಸಾಕ್ಷಿಯೆಂದೇ ನಾನು ಎಣಿಸುತ್ತೇನೆ.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸಬೇಕು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಚಹಾದ ಪಾಲಿಫಿನಾಲ್‌ಗಳು ಹಿಡಿದಿಟ್ಟು, ಕರುಳು ಅದನ್ನು ಹೀರಿಕೊಳ್ಳದಂತೆ ಮಾಡುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಕೂದಲು ಉದುರುತ್ತಿದೆ, ಮುಖ ಕಳೆಗುಂದಿದೆ ಎಂದು ಬರುವ ಯುವತಿಯರ ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕೊರತೆ ಕಾಣುವುದು ಅಪರೂಪವೇನಲ್ಲ. ಅವರು ಕಾಂತಿ ಬರಲೆಂದು ಊಟದ ಜೊತೆಗೇ ಗ್ರೀನ್ ಟೀ ಕುಡಿದರೆ ಇರುವ ಕೊರತೆ ಇನ್ನೂ ಹೆಚ್ಚುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಊಟವಾಗಿ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಹೇಳಿದೆ.

ಮಾತ್ರೆಯ ಬಗ್ಗೆ ನನ್ನ ನಿಲುವು ಕಟುವಾದದ್ದು. ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್ ಇಜಿಸಿಜಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ವರದಿಯಂತೆ, ಚಹಾ ಕುಡಿಯುವವರಿಗೆ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ ಸಿಗುತ್ತದೆ. ಪೂರಕ ಮಾತ್ರೆಗಳ ರೂಪದಲ್ಲಿ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಸೇವಿಸಿದಾಗ ಲಿವರ್‌ಗೆ ಪೆಟ್ಟಾಗುವ ಸೂಚನೆಗಳು ರಕ್ತದಲ್ಲಿ ಕಂಡಿವೆ. ಇನ್ನು ತೂಕ ಇಳಿಯುವುದು? 2012ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಆ ಇಳಿಕೆ ವೈದ್ಯಕೀಯವಾಗಿ ಗಣನೆಗೆ ಬರುವಷ್ಟೇನೂ ಇಲ್ಲ. ಇಷ್ಟು ಅಲ್ಪ ಫಲಕ್ಕಾಗಿ ಲಿವರನ್ನು ಪಣಕ್ಕಿಡುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನು ನನ್ನ ಕ್ಷೇತ್ರಕ್ಕೆ, ಚರ್ಮಕ್ಕೆ ಬರುತ್ತೇನೆ. ಇಲ್ಲಿ ಭರವಸೆಯೂ ಉಂಟು, ಅವಸರವೂ ಉಂಟು. ಗ್ರೀನ್ ಟೀ ಪಾಲಿಫಿನಾಲ್‌ಗಳನ್ನು ಮೊದಲೇ ಹಚ್ಚಿದ ಚರ್ಮದ ಮೇಲೆ ನೇರಳಾತೀತ ಕಿರಣ ಬಿದ್ದಾಗ ಕೆಂಪಾಗುವುದು ತಗ್ಗುತ್ತದೆಂದು 2001ರಷ್ಟು ಹಿಂದೆಯೇ ತೋರಿಸಲಾಗಿದೆ. ಇಜಿಸಿಜಿ ಜಿಡ್ಡಿನ ಸ್ರಾವವನ್ನೂ ಉರಿಯೂತವನ್ನೂ ಕಡಿಮೆ ಮಾಡಿ ಮೊಡವೆಗಳನ್ನು ಇಳಿಸಿದ್ದನ್ನು ಕೊರಿಯಾದ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಸುಕ್ಕಿನ ವಿಷಯದಲ್ಲಿ ಫಲಿತಾಂಶ ಹಾಗಿಲ್ಲ. ನಲವತ್ತು ಮಹಿಳೆಯರ ಮೇಲೆ ಎಂಟು ವಾರ ನಡೆದ 2005ರ ಪ್ರಯೋಗದಲ್ಲಿ ಕ್ರೀಮನ್ನೂ ಮಾತ್ರೆಯನ್ನೂ ಒಟ್ಟಿಗೆ ಕೊಟ್ಟರು. ಸೂಕ್ಷ್ಮದರ್ಶಕದಡಿ ಚರ್ಮದ ಸ್ಥಿತಿಸ್ಥಾಪಕ ಅಂಗಾಂಶ ಸುಧಾರಿಸಿತ್ತು. ಕಣ್ಣಿಗೆ ಕಾಣುವ ವ್ಯತ್ಯಾಸ ಮಾತ್ರ ಇರಲಿಲ್ಲ. ರೋಗಿ ಹಣ ತೆರುವುದು ಕನ್ನಡಿಯಲ್ಲಿ ಕಾಣುವ ಬದಲಾವಣೆಗೆ ಎಂಬುದನ್ನು ನಾವು ಮರೆಯಬಾರದು.

ಹೀಗೇಕೆ? ಇಜಿಸಿಜಿಯ ಅಣುತೂಕ 458. ಚರ್ಮದ ಹೊರಪದರವನ್ನು ದಾಟಲು 500ರ ಒಳಗಿದ್ದರೆ ಸಾಧ್ಯವೆಂಬುದು ನಾವು ಬಳಸುವ ಲೆಕ್ಕ. ಗಾತ್ರದಲ್ಲಿ ಅದು ಹೇಗೋ ಒಳಗೇ ಇದೆ, ಆದರೆ ನೀರಿನ ಒಲವು ಹೆಚ್ಚಿರುವ ಅಣುವಾದ್ದರಿಂದ ಕೊಬ್ಬಿನಂಶ ತುಂಬಿದ ಆ ಪದರವನ್ನು ಹಾಯುವುದು ಕಷ್ಟ. ಅದರ ಮೇಲೆ, ಗಾಳಿ ಬೆಳಕಿಗೆ ಬೇಗ ಆಕ್ಸಿಡೀಕರಣಗೊಂಡು ಕಂದಾಗುತ್ತದೆ. ಡಬ್ಬಿಯ ಮೇಲೆ ಗ್ರೀನ್ ಟೀ ಎಂದು ಬರೆದ ಮಾತ್ರಕ್ಕೆ ಒಳಗೆ ಕೆಲಸ ಮಾಡುವ ಅಣು ಎಷ್ಟು ಉಳಿದಿದೆ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಈ ಕ್ರೀಮು ಸನ್‌ಸ್ಕ್ರೀನಿಗೆ ಬದಲಿಯಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಹಾಗೆಂದು ನಿರಾಶೆ ಬೇಕಿಲ್ಲ. ಪ್ರಮಾಣ ನಿಗದಿಮಾಡಿ, ಅಣುವನ್ನು ಸ್ಥಿರಗೊಳಿಸಿ, ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿದರೆ ಏನಾಗಬಹುದು ಎಂಬುದಕ್ಕೆ ಉದಾಹರಣೆ ನಮ್ಮ ಮುಂದಿದೆ. ಶೇ. 15ರಷ್ಟು ಗ್ರೀನ್ ಟೀ ಸಾರವಿರುವ ಮುಲಾಮನ್ನು ಜನನಾಂಗದ ನರುಲಿಗಳ ಚಿಕಿತ್ಸೆಗೆ ಅಮೆರಿಕದ ಎಫ್‌ಡಿಎ 2006ರಲ್ಲಿ ಒಪ್ಪಿಕೊಂಡಿತು. ಗಿಡಮೂಲ ಔಷಧಗಳಿಗೆಂದು ರೂಪಿಸಿದ ಮಾರ್ಗದಲ್ಲಿ ಅನುಮತಿ ಪಡೆದ, ವೈದ್ಯರು ಬರೆದುಕೊಡುವ ಮೊದಲ ಔಷಧ ಅದು. ವೈದ್ಯರ ಚೀಟಿಯಿಲ್ಲದೆ ಅದು ಸಿಗುವುದಿಲ್ಲ, ಮುಖಕ್ಕೆ ಹಚ್ಚುವ ಮಾತಂತೂ ಇಲ್ಲ. ಆ ಶಿಸ್ತಿನಿಂದಲೇ ಅದಕ್ಕೆ ಬೆಲೆ ಬಂದಿದೆ.

ಇಂದು ನಾಳೆ ಇಲ್ಲಿ ಪ್ರಬಂಧ ಓದುವವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಫಲಿತಾಂಶ ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಬಂದದ್ದೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಕುಡಿಸಿದ್ದೋ, ನುಂಗಿಸಿದ್ದೋ, ಹಚ್ಚಿದ್ದೋ ಎಂಬುದರ ಜೊತೆಗೆ ಎಷ್ಟು ಮಿಲಿಗ್ರಾಂ, ಎಷ್ಟು ವಾರ ಎಂಬುದನ್ನೂ ತಿಳಿಸಿ. ಪತ್ರಿಕೆಗಳಿಗೆ, ವಾಹಿನಿಗಳಿಗೆ ಸುದ್ದಿ ಕೊಡುವಾಗಲೂ ಈ ವಿವರಗಳನ್ನು ದಯವಿಟ್ಟು ಬಿಡಬೇಡಿ.