ಆ ಫೋಟೋದಲ್ಲಿ ನಾನಿಲ್ಲ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಮತ್ತು ಪೋಷಕರ ಸಭೆಯಲ್ಲಿ, ಈಗ ವೈದ್ಯೆಯಾಗಿರುವ 1994ನೇ ಸಾಲಿನ ಹಳೆಯ ವಿದ್ಯಾರ್ಥಿನಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಎಂಟನೇ ತರಗತಿಯ ಕೊಠಡಿಯಲ್ಲಿ ಹಾಕಿರುವ ಹಳೆಯ ಫೋಟೋಗಳನ್ನು ನೋಡಿ ಬಂದೆ. ನಮ್ಮ ಹತ್ತನೇ ತರಗತಿಯ ಗ್ರೂಪ್ ಫೋಟೋ ಅಲ್ಲಿದೆ. ಗೆಳತಿಯರು "ನೀನೆಲ್ಲಿದೀಯೇ?" ಎಂದು ಬೆರಳಿಟ್ಟು ಹುಡುಕಿದರು. ಆ ಫೋಟೋದಲ್ಲಿ ನಾನಿಲ್ಲ. ಆ ದಿನ ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದಿದ್ದೆ. ನಿಜವಾದ ಕಾರಣ ಮೊಡವೆ.

ಎಂಟನೇ ತರಗತಿಗೆ ಬರುವಾಗಲೇ ನಾನು ಹುಡುಗರಿಗಿಂತ ಎತ್ತರವಾಗಿದ್ದೆ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ, ಬೆನ್ನು ಬಗ್ಗಿಸಿಕೊಂಡು ನಿಲ್ಲುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿ ಮುಖದ ತುಂಬ ಗುಳ್ಳೆಗಳೆದ್ದವು. ಹುಡುಗರು ಒಂದು ಅಡ್ಡಹೆಸರಿಟ್ಟರು. ಅದನ್ನು ಇವತ್ತೂ ನನ್ನ ಬಾಯಲ್ಲಿ ಹೇಳಲಾರೆ. ಮನೆಗೆ ಬಂದವರು "ಈ ಮುಖ ಇಟ್ಟುಕೊಂಡರೆ ನಾಳೆ ಯಾರು ಒಪ್ಪುತ್ತಾರೆ?" ಎಂದು ನಮ್ಮವ್ವನನ್ನು ಕೇಳುತ್ತಿದ್ದರು. ಅವ್ವ ಕಡಲೆಹಿಟ್ಟು ಹಚ್ಚಿದಳು, ನಿಂಬೆರಸ ಹಚ್ಚಿದಳು. ಉರಿಯಿತೇ ಹೊರತು ಹೋಗಲಿಲ್ಲ.

ಕೊನೆಗೆ ಅಂಗಡಿಯೊಂದರಲ್ಲಿ ಯಾರ ಚೀಟಿಯೂ ಇಲ್ಲದೆ ಒಂದು ಟ್ಯೂಬ್ ಮುಲಾಮು ತಂದೆ. ಎರಡು ವಾರದಲ್ಲಿ ಮುಖ ತಿಳಿಯಾಯಿತು, ಬೆಳ್ಳಗೂ ಆಯಿತು. ನನಗೆ ಹಿಡಿಸಲಾರದ ಸಂತೋಷ. ಮೂರು ತಿಂಗಳು ಬಿಡದೆ ಹಚ್ಚಿದೆ. ಬಿಟ್ಟ ಕೂಡಲೇ ಮುಖ ಕೆಂಡದಂತೆ ಕೆಂಪಾಗಿ, ಮೊದಲಿಗಿಂತ ಹೆಚ್ಚು ಗುಳ್ಳೆಗಳೆದ್ದವು. ಫೋಟೋ ತೆಗೆದದ್ದು ಅದೇ ವಾರ. ಅದು ಸ್ಟೆರಾಯ್ಡ್ ಮುಲಾಮು ಎಂದು ನನಗೆ ಗೊತ್ತಾದದ್ದು ವೈದ್ಯಕೀಯ ಓದುವಾಗ. ಇವತ್ತೂ ನಮ್ಮ ಆಸ್ಪತ್ರೆಗೆ ಅದೇ ಕೆಂಪು ಮುಖ ಹೊತ್ತು ಮಕ್ಕಳು ಬರುತ್ತಾರೆ. ಅದಕ್ಕೇ ಈ ಮಾತು ಆಡಲು ನಿಂತಿದ್ದೇನೆ.

ಮಕ್ಕಳೇ, ಮೊಡವೆ ಕೊಳೆಯಿಂದ ಬರುವುದಲ್ಲ. ಯಾರ ತಪ್ಪಿನಿಂದಲೂ ಬರುವುದಲ್ಲ. ಹರೆಯದಲ್ಲಿ ಹಾರ್ಮೋನುಗಳು ಹೆಚ್ಚಿದಾಗ ಚರ್ಮದೊಳಗಿನ ಎಣ್ಣೆಯ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಸತ್ತ ಚರ್ಮದ ಕಣಗಳು ಸೇರಿ ರಂಧ್ರ ಮುಚ್ಚುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಎತ್ತರ ಬೆಳೆಯುವುದು, ದನಿ ಒಡೆಯುವುದು, ಮುಟ್ಟು ಶುರುವಾಗುವುದು, ಮೀಸೆ ಚಿಗುರುವುದು, ಎಲ್ಲವೂ ಹಾರ್ಮೋನುಗಳದೇ ಕೆಲಸ.

ದಿನಕ್ಕೆರಡು ಸಲ ಸಾದಾ ಸೋಪಿನಲ್ಲಿ ಮೃದುವಾಗಿ ಮುಖ ತೊಳೆದರೆ ಸಾಕು, ತಿಕ್ಕಬೇಡಿ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ. ಮೊಡವೆ ಹಿಸುಕಬೇಡಿ, ಕಲೆ ಉಳಿಯುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ ಹಚ್ಚಬೇಡಿ. ಕಡಲೆಕಾಯಿ ತಿಂದದ್ದಕ್ಕೇ ಮೊಡವೆ ಬಂತೆಂದು ಹಿರಿಯರು ಮಕ್ಕಳ ಕೈಯಿಂದ ಅದನ್ನು ಕಿತ್ತುಕೊಳ್ಳಬೇಡಿ. ಸಿಹಿತಿಂಡಿ, ಬಾಟಲಿ ಪಾನೀಯಗಳನ್ನು ಮಾತ್ರ ಕಡಿಮೆ ಮಾಡಿ. ಗುಳ್ಳೆಗಳು ಗಟ್ಟಿಯಾಗಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ ವೈದ್ಯರ ಹತ್ತಿರ ಬನ್ನಿ. ಒಳ್ಳೆಯ ಔಷಧಿಗಳಿವೆ. ಆದರೆ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ವಾರದಲ್ಲಿ ಬೆಳ್ಳಗೆ ಮಾಡುತ್ತೇನೆ ಎನ್ನುವ ಮುಲಾಮನ್ನು ನಂಬಬೇಡಿ.

ಇನ್ನು ಬೆಳವಣಿಗೆಯ ಮಾತು. ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಹರೆಯದ ಬದಲಾವಣೆ ಶುರುವಾಗಬಹುದು. ಎತ್ತರದ ಜಿಗಿತ ಹುಡುಗಿಯರಿಗೆ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ನನ್ನನ್ನು ಅಣಕಿಸಿದ ಗಿಡ್ಡ ಹುಡುಗರು ಈಗ ಅಲ್ಲಿ ನನಗಿಂತ ಎತ್ತರವಾಗಿ ಕುಳಿತು ನಗುತ್ತಿದ್ದಾರೆ, ನೋಡಿ! ಗಂಡುಮಕ್ಕಳೇ, ನಿಮಗೂ ಒಂದು ಮಾತು. ಈ ವಯಸ್ಸಿನಲ್ಲಿ ಕೆಲವು ಹುಡುಗರಿಗೆ ಎದೆ ಸ್ವಲ್ಪ ಊದಿಕೊಳ್ಳುತ್ತದೆ. ನಾಚಿಕೆಯಿಂದ ಆಟ ಬಿಡುತ್ತಾರೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಹರೆಯದ ಯಾವ ಗುರುತೂ ಕಾಣದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ಮುಟ್ಟು ತಿಂಗಳುಗಟ್ಟಲೆ ನಿಂತು, ಮುಖದಲ್ಲಿ ಕೂದಲು, ಮೊಡವೆ ಎರಡೂ ಹೆಚ್ಚಾದರೂ ತೋರಿಸಬೇಕು.

ಬೆಳೆಯುವ ಮೈಗೆ ಊಟ ಬೇಕು. ರಾಗಿ, ಬೇಳೆಕಾಳು, ಸೊಪ್ಪು, ಮೊಟ್ಟೆ, ಹಾಲು ನಮ್ಮ ಮನೆಗಳಲ್ಲೇ ಇವೆ. ನಮ್ಮ ಕಾಲದಲ್ಲಿ ಬುತ್ತಿ ಇಲ್ಲದವರು ಮಧ್ಯಾಹ್ನ ನೀರು ಕುಡಿದು ಕೂರುತ್ತಿದ್ದರು. ನಿಮಗೆ ಇಲ್ಲಿಯೇ ಬಿಸಿಯೂಟವಿದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ. ಊಟವಾದ ಮೇಲೆ ನುಂಗಿ. ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ಕೇಳಿ.

ತಂದೆತಾಯಂದಿರೇ, ಮಕ್ಕಳ ಮುಖ ನೋಡಿ ಮದುವೆಯ ಮಾತು ಎತ್ತಬೇಡಿ. ಗುರುಗಳೇ, ತರಗತಿಯಲ್ಲಿ ಅಡ್ಡಹೆಸರು ಕಿವಿಗೆ ಬಿದ್ದರೆ ಅಲ್ಲಿಯೇ ತಡೆಯಿರಿ. ನಮ್ಮ ಕನ್ನಡ ಮೇಷ್ಟ್ರು ಅದನ್ನು ಮಾಡಿದ್ದರು. ಒಂದು ದಿನ ಆ ಹೆಸರು ಕೇಳಿ ಪಾಠ ನಿಲ್ಲಿಸಿ, "ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಿದೆ, ಅದನ್ನೇ ಕರೆಯಿರಿ" ಎಂದರು. ಅಷ್ಟೇ ಅಂದದ್ದು. ನಾನು ಶಾಲೆ ಬಿಡದೆ ಪರೀಕ್ಷೆಗೆ ಕುಳಿತದ್ದು ಆ ಒಂದು ಮಾತಿನ ಬಲದಿಂದ.

ಈ ಸಭೆ ಮುಗಿದ ಮೇಲೆ ಅಂಗಳದ ಬೇವಿನ ಮರದಡಿ ಸುವರ್ಣ ಮಹೋತ್ಸವದ ಫೋಟೋ ತೆಗೆಯುತ್ತಾರಂತೆ. ಮಕ್ಕಳೇ, ಯಾರೂ ತಪ್ಪಿಸಿಕೊಳ್ಳಬೇಡಿ. ಮೊಡವೆ ಇದ್ದವರು ಮುಂದಿನ ಸಾಲಿಗೆ ಬನ್ನಿ. ನಾನೂ ನಿಮ್ಮ ಜೊತೆಯಲ್ಲೇ, ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತೇನೆ.