ಘಟ್ಟ ಇಳಿದವರ ಕಾಗದಗಳು

(ಕುಮಟೆಯಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಭಟ್ಕಳ, ಹೊನ್ನಾವರ, ಕುಮಟೆ ಈ ಮೂರೂ ಕಡೆಯಿಂದ ನೀವು ಬಂದು ಇಲ್ಲಿ ಕೂಡಿದ್ದೀರಿ. ಬೆಳಗಿನಿಂದ ನಿಮ್ಮಲ್ಲಿ ಹಲವರು ನಮ್ಮ ಹತ್ತಿರ ಬಂದು ಒಂದೇ ಮಾತನ್ನು ಕೇಳಿದಿರಿ. ನಮ್ಮ ಹಿರಿಯರು ಮೂಲತಃ ಎಲ್ಲಿಯವರು? ಬಯಲುಸೀಮೆಯನ್ನು ಬಿಟ್ಟು ಪಡುವಣ ಕಡಲಿನ ದಂಡೆಗೆ ಯಾಕೆ ಬಂದರು? ಯಾವಾಗ ಬಂದರು? ಇಂದು ಬೇರೆ ವಿಷಯವನ್ನು ಬದಿಗಿಟ್ಟು ಇದನ್ನೇ ಮಾತನಾಡೋಣ ಎಂದು ನಿಶ್ಚಯಿಸಿದ್ದೇವೆ.

ಮೊದಲು ಒಂದು ಸಂಕೋಚವನ್ನು ಬಿಡಬೇಕು. ಈ ದಂಡೆಯಲ್ಲಿ ನೀವು ಮಾತ್ರ ಪರಸ್ಥಳದವರೆಂದು ತಿಳಿಯಬೇಡಿರಿ. ಭಟ್ಕಳದ ನವಾಯತರು ತಮ್ಮ ಹಿರಿಯರು ಕಡಲಿನ ಆಚೆಯಿಂದ ಬಂದರೆನ್ನುತ್ತಾರೆ. ಕೊಂಕಣಿ ಮಾತನಾಡುವ ಎಷ್ಟೋ ಮನೆತನಗಳು, 1560ರಲ್ಲಿ ಗೋವೆಯಲ್ಲಿ ಪೋರ್ತುಗೀಜರ ಧರ್ಮವಿಚಾರಣೆ ಆರಂಭವಾದ ಕಾಲವನ್ನು ಇಂದಿಗೂ ನೆನೆಯುತ್ತವೆ. ಹವ್ಯಕರಲ್ಲಿ ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದನೆಂಬ ಐತಿಹ್ಯವಿದೆ. ಹಾಲಕ್ಕಿ ಒಕ್ಕಲಿಗರನ್ನೂ ಮೊಗೇರರನ್ನೂ ಬಿಟ್ಟರೆ ಇಲ್ಲಿ ಯಾರು ಯಾರನ್ನು ಹೊರಗಿನವರು ಎನ್ನಬೇಕು? ಅವರು ಕೆಲವರು ಕಡಲಿನಿಂದ, ಕೆಲವರು ಬಡಗಣದಿಂದ ಬಂದರು. ನಿಮ್ಮವರು ಘಟ್ಟದ ಮೇಲಿಂದ ಇಳಿದರು. ಇಷ್ಟೇ ಭೇದ.

ನಮ್ಮ ಪರಂಪರೆಯಲ್ಲಿ ಪಡುವಲ ಪಯಣವೆಂಬದು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಗಲಭೆಯ ಕಾಲಕ್ಕೆ ಚನ್ನಬಸವಣ್ಣನವರೊಡನೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಇದೇ ಜಿಲ್ಲೆಯ ಉಳವಿಗೆ ಬಂದರೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಮನೆ ಬಿಟ್ಟಿತು, ಮಠ ಬಿಟ್ಟಿತು, ಓಲೆಯ ಕಟ್ಟನ್ನು ಬಿಡಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಮನೆಗಳ ಮಾತು. ಕೇಳಿದರೆ ಹತ್ತರಲ್ಲಿ ಎಂಟು ಮನೆಯವರು, ನಮ್ಮ ಹಿರಿಯರು ಕೆಳದಿ ಅರಸರ ದಳವಾಯಿಗಳಾಗಿದ್ದರು ಎನ್ನುತ್ತೀರಿ. ಕೆಳದಿಯ ನಾಯಕರು ಈ ದಂಡೆಯನ್ನು ಆಳಿದ್ದು ನಿಜ. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯಿಂದ ಗೇರುಸೊಪ್ಪೆಯನ್ನು ಮುಟ್ಟಿ, ಘಟ್ಟ ಹತ್ತಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನನ್ನು ಕಂಡನು. ಅವನು ಹತ್ತಿದ ದಾರಿಯಿಂದಲೇ ಅಧಿಕಾರಿಗಳು, ಜಂಗಮರು, ವ್ಯಾಪಾರಿಗಳು ಇಳಿಯುತ್ತಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಇದು ನಡೆಯಿತು. ಆದರೆ ಎಷ್ಟು ದೊಡ್ಡ ರಾಜ್ಯವಾದರೂ ಅಷ್ಟೊಂದು ದಳವಾಯಿಗಳನ್ನು ಎಲ್ಲಿಂದ ತರಬೇಕು? (ಸಭೆಯಲ್ಲಿ ನಗು.) ನಗಬೇಡಿರಿ, ಪೆಟ್ಟಿಗೆಯನ್ನು ತೆಗೆದು ನೋಡಿರಿ ಎನ್ನುತ್ತೇವೆ.

ಕುಮಟೆಯ ಒಂದು ಮನೆತನದವರು ಹಾಗೆ ತೆಗೆದು ನೋಡಿದರು. ಹೆಸರು ಹೇಳುವದಿಲ್ಲ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಮಠಕ್ಕೇ ತಂದರು. ಮನೆಯ ಯಜಮಾನರು ದಳವಾಯಿಯ ಸನದು ಸಿಕ್ಕೀತೆಂದು ಕಾದು ಕುಳಿತಿದ್ದರು. ಸಿಕ್ಕದ್ದು ಒಂದು ಕಿರ್ದಿ ಪುಸ್ತಕ, ಕೆಲವು ಮೋಡಿ ಅಕ್ಷರದ ಚೀಟಿಗಳು, ದಾರದಿಂದ ಕಟ್ಟಿದ ಕಾಗದಗಳು. ಕಿರ್ದಿಯಲ್ಲಿ ಬರೆದದ್ದು ಇಷ್ಟೇ: ಇಂತಿಷ್ಟು ಅಂಡಿಗೆ ಹತ್ತಿ, ಇಂತಿಷ್ಟು ಎತ್ತು, ಇಂತಿಷ್ಟು ಬಾಡಿಗೆ, ತಿರುಗಿ ಹೋಗುವಾಗ ಸಾಣಿಕಟ್ಟೆಯ ಉಪ್ಪು. ಹಿರಿಯನು ದಳವಾಯಿಯಲ್ಲ, ಪರರ ಹತ್ತಿಯನ್ನು ಹೇರಿಕೊಂಡು ಬಂದ ಬಾಡಿಗೆಯವನು. ಯಜಮಾನರ ಮುಖ ಬಾಡಿತು. ಪುಸ್ತಕವನ್ನು ಮುಚ್ಚಿ, ಇದು ಬೇರೆಯವರದಿರಬೇಕು ಬುದ್ಧಿ, ಎಂದರು. ನಾವು ಕೇಳಿದೆವು: ಕಾಯಕದ ಮಾತನ್ನು ದಿನವೂ ಆಡುವ ನಿಮಗೆ ಅಜ್ಜನ ಕಾಯಕ ಯಾಕೆ ಬೇಡವಾಯಿತು?

ಆ ಬಾಡಿಗೆಯ ಹಿಂದೆ ಒಂದು ದೊಡ್ಡ ಕಥೆಯಿದೆ. ಧಾರವಾಡ, ಹುಬ್ಬಳ್ಳಿ, ಗದಗಿನ ಕರಿನೆಲದ ಹತ್ತಿ ಕಡಲನ್ನು ಮುಟ್ಟುತ್ತಿದ್ದದ್ದು ಕುಮಟೆಯ ಬಂದರದಲ್ಲಿ. ಇಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಅಲ್ಲಿಂದ ವಿಲಾಯತಿಗೆ. ಕುಮಟೆಯಲ್ಲಿ ಒಂದು ಗಿಡವೂ ಬೆಳೆಯದಿದ್ದರೂ ವಿಲಾಯತಿಯ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹತ್ತಿತು, ಅಲ್ಲಿಯ ಹತ್ತಿ ನಿಂತಿತು, ಇಲ್ಲಿಯ ಹತ್ತಿಯ ಧಾರಣೆ ಮುಗಿಲಿಗೇರಿತು. ಸಾವಿರಾರು ಹರದಾರಿ ಆಚೆಯ ಯುದ್ಧಕ್ಕಾಗಿ ನಮ್ಮ ಬಯಲುಸೀಮೆಯ ಎತ್ತುಗಳು ಘಟ್ಟ ಇಳಿದವು.

ಆ ಕಟ್ಟಿನಲ್ಲಿ ಎರಡು ಕಾಗದಗಳು ಮುಖ್ಯವಾದವು. ಒಂದು ರಕ್ತಾಕ್ಷಿ ಸಂವತ್ಸರದ ಫಾಲ್ಗುಣದ್ದು, ಮೇಲಿನಿಂದ ಅಣ್ಣನು ಬರೆಯಿಸಿದ್ದು. ತಾಯಿಯ ಕಣ್ಣು ಮಂಜಾಗಿದೆ, ಈ ಹೇರು ಮುಗಿಸಿ ಊರಿಗೆ ಬಾ ಎಂದಿದೆ. ಸಂವತ್ಸರವೇನೋ ಸರಿ, ಆದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ರಕ್ತಾಕ್ಷಿ 1864ರಲ್ಲಿಯೂ ಬಂತು, 1924ರಲ್ಲಿಯೂ ಬಂತು. ಯಾವದು? ಯಜಮಾನರು 1924 ಎಂದರು. ಅವರ ಸೊಸೆ, ಶಾಲೆಯಲ್ಲಿ ಕಲಿಸುವಾಕೆ, ಕಾಗದವನ್ನು ತಿರುಗಿಸಿ ನೋಡಿ, ಮಾವನವರೆ, ಇದಕ್ಕೆ ಟಿಕೀಟು ಇಲ್ಲ, ಠಸ್ಸೆಯೂ ಇಲ್ಲ, ಯಾರೋ ಗಾಡಿಯವರ ಕೈಯಲ್ಲಿ ಕಳಿಸಿದ್ದು ಎಂದಳು. ಅಂಚೆಯ ಟಿಕೀಟು ನಮ್ಮ ದೇಶದಲ್ಲೆಲ್ಲ ಬಂದದ್ದು 1854ರಲ್ಲಿ, ಕಾರ್ಡು ಬಂದದ್ದು 1879ರಲ್ಲಿ. ಕಾರ್ಡು ಬಂದ ಮೇಲೆ ಬಡವರೂ ಅಂಚೆಯಲ್ಲಿಯೇ ಬರೆದರು. ಇಷ್ಟರಿಂದಲೇ ನಿರ್ಣಯವಾಗುವದಿಲ್ಲ, ಎರಡನೆಯ ಕಾಗದ ಗಂಟು ಬಿಡಿಸಿತು. ಅದು ಮುಂದಿನ ಕ್ರೋಧನ ಸಂವತ್ಸರದ ಆಷಾಢದ್ದು. ಧಾರಣೆ ಬಿತ್ತು, ಸಾವಕಾರನು ಕೈಯೆತ್ತಿದನು, ಬಾಡಿಗೆಯ ಹಣ ಬರುವ ಹಾಗಿಲ್ಲ ಎಂದಿತ್ತು. ಅಮೇರಿಕೆಯ ಯುದ್ಧ ಮುಗಿದದ್ದು 1865ರ ವಸಂತದಲ್ಲಿ. ಹತ್ತಿಯ ಹಣದ ಮೇಲೆ ನಿಂತ ಮುಂಬಯಿಯ ಪೇಟೆ ಮುರಿದುಬಿದ್ದದ್ದು ಅದೇ ಬೇಸಿಗೆ ಕಳೆದ ಮೇಲೆ. ಕಾಗದ ತಾನೇ ತನ್ನ ವರ್ಷವನ್ನು ಹೇಳಿತು.

ಅಲ್ಲಿಂದ ಮುಂದೆ ಕಿರ್ದಿಯಲ್ಲಿ ಹತ್ತಿಯಿಲ್ಲ. ಕುಮಟೆಯಲ್ಲಿಯೇ ಒಂದು ಸಣ್ಣ ಅಂಗಡಿಯ ಬಾಡಿಗೆ, ತೆಂಗಿನಕಾಯಿ, ಅಡಿಕೆ. ಎತ್ತುಗಳ ಲೆಕ್ಕವೂ ಇಲ್ಲ, ಮಾರಿರಬೇಕು. ಇದನ್ನು ನೀವು ವಿಚಾರ ಮಾಡಬೇಕು. ನಮ್ಮ ಹಿರಿಯರು ಇಲ್ಲಿಗೆ ವಲಸೆ ಬಂದರು ಎನ್ನುತ್ತೇವಲ್ಲ, ಆ ಮನುಷ್ಯನು ವಲಸೆ ಬರಲೆಂದು ಮನೆ ಬಿಟ್ಟವನಲ್ಲ. ಒಂದು ಹೇರಿಗೆಂದು ಬಂದನು, ಹಿಂದಿರುಗುವ ದಾರಿ ಮುಚ್ಚಿತು, ಉಳಿದನು. ತಾಯಿಯನ್ನು ನೋಡಲು ಹೋದನೋ ಇಲ್ಲವೋ ಎಂಬದು ಯಾವ ಕಾಗದದಲ್ಲಿಯೂ ಇಲ್ಲ.

ಇಲ್ಲದಿರುವದಕ್ಕೂ ಕಾರಣವುಂಟು. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೆ ಹರಿದು ಬಿಸಾಡುವದು ನಮ್ಮ ಜನರ ರೂಢಿ. ಮನೆಯಲ್ಲಿ ಇಡಬಾರದೆಂಬ ಭಾವನೆ. ಹೀಗಾಗಿ ಮದುವೆಯ ಕಾಗದ ಉಳಿಯುತ್ತದೆ, ಸಾಲದ ಚೀಟಿ ಅಂತೂ ಉಳಿದೇ ಉಳಿಯುತ್ತದೆ, ಸಾವಿನ ಕಾಗದ ಮಾತ್ರ ಇರುವದಿಲ್ಲ. ಒಂದು ಮನೆತನದ ಸರಪಳಿ ಕಡಿದುಹೋಗುವದು ಸರಿಯಾಗಿ ಅಲ್ಲಿಯೇ. ಈ ರೂಢಿಯನ್ನು ಇನ್ನಾದರೂ ಬಿಡಿರೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಲಿಂಗೈಕ್ಯರಾದವರ ಸುದ್ದಿ ಅಶುಭವಾಗುವದು ಹೇಗೆ?

ಸರಕಾರಿ ದಫ್ತರಿನಲ್ಲಿ ಹುಡುಕುವವರಿಗೆ ಒಂದೆರಡು ಮಾತು. ಟಿಪ್ಪುವಿನ ಮರಣಾನಂತರ 1799ರಲ್ಲಿ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತು, ಧಾರವಾಡ ಮುಂದೆ ಮುಂಬಯಿಗೆ ಸೇರಿತು. ಎತ್ತಿನವನು ಹುಬ್ಬಳ್ಳಿಯಿಂದ ಕುಮಟೆಗೆ ಬಂದರೆ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಕಾಲಿಟ್ಟಂತೆ. ರಸ್ತೆ ಬೇಕು, ಬಂದರ ಬೇಕು ಎಂದು ಮುಂಬಯಿಯ ಹತ್ತಿ ವ್ಯಾಪಾರಿಗಳು ಗಲಾಟೆ ಮಾಡಿದ ಮೇಲೆ 1862ರಲ್ಲಿ ಉತ್ತರದ ಭಾಗ ಮುಂಬಯಿಗೆ ಬಂತು. ಆದ್ದರಿಂದ ಕುಮಟೆಯನ್ನು ಬಿಟ್ಟು ಒಂದು ಹೆಜ್ಜೆ ಇಡದವನ ಕಾಗದವೂ 1862ರ ಹಿಂದಿನದಾದರೆ ಚೆನ್ನೈಯ ಕಡೆ, ಆಮೇಲಿನದಾದರೆ ಕಾರವಾರ, ಮುಂಬಯಿಯ ಕಡೆ. ಭಟ್ಕಳದವರು ಇನ್ನೊಂದನ್ನು ನೆನಪಿಡಿರಿ: ನಿಮ್ಮ ಊರು ಆಗ ಹೊನ್ನಾವರ ತಾಲೂಕಿನಲ್ಲಿತ್ತು, ಸೂಸಗಡಿ ಎಂಬ ಹೆಸರಿನಲ್ಲಿಯೂ ನೋಡಬೇಕು. ಇದನ್ನರಿಯದೆ ನಮ್ಮ ದಾಖಲೆಯೇ ಇಲ್ಲವೆಂದು ಕೈಬಿಟ್ಟವರುಂಟು.

ಕಾಗದವಿಲ್ಲದವರಿಗೆ ಹೆಳವರಿದ್ದಾರೆ. ಬಯಲುಸೀಮೆಯಲ್ಲಿ ಎತ್ತಿನ ಮೇಲೆ, ಬಂಡಿಯ ಮೇಲೆ ಊರೂರು ತಿರುಗಿ, ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಹೇಳಿ ಕಾಳುಕಡಿ ಪಡೆಯುವ ಜನ. ಅವರನ್ನು ಭಿಕ್ಷುಕರೆಂದು ತಿಳಿದು ಬಾಗಿಲು ಹಾಕುವವರು ತಮ್ಮ ವಂಶದ ಬಾಗಿಲನ್ನೇ ಹಾಕಿಕೊಂಡಂತೆ. ಅವರು ಘಟ್ಟ ಇಳಿದು ನಿಮ್ಮ ತನಕ ಬರುವದು ಕಷ್ಟ. ನೀವೇ ಮೇಲಕ್ಕೆ ಹೋಗಿ ಕೇಳಬೇಕು. ಆ ಕುಮಟೆಯವರು ಕಾಗದದಲ್ಲಿ ಕಂಡ ಊರಿಗೆ ಹೋಗಿ ಹೆಳವರನ್ನು ಹಿಡಿದು ಕೇಳಿದರು. ಅಣ್ಣನ ಸಂತತಿ ಏಳು ತಲೆ ಸರಾಗವಾಗಿ ಬಂತು. ತಮ್ಮನ ಹೆಸರಿನ ಮುಂದೆ, ಘಟ್ಟದ ಕೆಳಗೆ ಹೋದನು ಎಂದಿಷ್ಟೇ. ಯಜಮಾನರು ಅಲ್ಲಿಯೇ ಕುಳಿತು ಅಲ್ಲಿಂದ ಮುಂದಿನ ಐದು ತಲೆಗಳ ಹೆಸರನ್ನು ಒಂದೊಂದಾಗಿ ಹೇಳಿದರು, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ದಳವಾಯಿಯ ಮಾತು ಬರಲಿಲ್ಲವಂತೆ.

ಫ. ಗು. ಹಳಕಟ್ಟಿಯವರು ವಚನದ ಓಲೆಗಳನ್ನು ಎಲ್ಲಿ ಹುಡುಕಿದರು? ಅರಮನೆಯಲ್ಲಲ್ಲ. ನಿಮ್ಮಂಥವರ ಅಟ್ಟ, ಜಗಲಿಗಳಲ್ಲಿ ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಒಬ್ಬೊಬ್ಬರು ಓಲೆಯನ್ನು ಒಲೆಗೆ ಹಾಕಿದ್ದರೆ ಇಂದು ನಾವು ಏನನ್ನು ಓದುತ್ತಿದ್ದೆವು? ಕೆಳದಿಯಲ್ಲಿ ಗುಂಡಾ ಜೋಯಿಸರು ಇದೇ ರೀತಿ ಓಲೆ, ಕಡತಗಳನ್ನು ಕೂಡಿಸಿ ವಸ್ತುಸಂಗ್ರಹಾಲಯವನ್ನು ಕಟ್ಟಿದರು.

ಈ ದಂಡೆಯ ಮಳೆಯನ್ನು ನಾವು ನಿಮಗೆ ಹೇಳಬೇಕಾಗಿಲ್ಲ. ಗೆದ್ದಲು, ಬೂಷ್ಟು ಎರಡೂ ಕಾಗದಕ್ಕೆ ಶತ್ರು. ಮೃಗಶಿರಾ ಹುಟ್ಟುವ ಮೊದಲೇ ಪೆಟ್ಟಿಗೆಗಳನ್ನು ಇಳಿಸಿ, ನೆರಳಿನಲ್ಲಿ ಗಾಳಿಗೆ ಹಾಕಿರಿ, ಬಿಸಿಲಿಗೆ ಬೇಡ. ಸುತ್ತಿಟ್ಟ ಹಾಳೆಯನ್ನು ಬಲವಂತವಾಗಿ ಬಿಡಿಸಬೇಡಿರಿ. ಮೋಡಿ ಓದಲು ಬರದಿದ್ದರೆ ರದ್ದಿಯೆಂದು ತೂಕಕ್ಕೆ ಕೊಡಬೇಡಿರಿ. ಚಿತ್ರ ತೆಗೆಸಿ ಮಠಕ್ಕೆ ಕಳಿಸಿದರೆ ಓದಬಲ್ಲವರನ್ನು ನಾವು ಹುಡುಕಿ ಕೊಡುತ್ತೇವೆ. ಮೂಲ ಕಾಗದ ನಿಮ್ಮ ಮನೆಯಲ್ಲಿಯೇ ಇರಲಿ. ಅಣ್ಣತಮ್ಮಂದಿರು ಬೇರೆಯಾಗುವಾಗ ಹಂಡೆ, ಕೊಪ್ಪರಿಗೆ ಹಂಚಿದಂತೆ ಕಟ್ಟನ್ನು ಬಿಚ್ಚಿ ಹಂಚಿಕೊಳ್ಳಬೇಡಿರಿ. ಒಬ್ಬರ ಹತ್ತಿರ ಇಡೀ ಕಟ್ಟು ಇರಲಿ, ಯಾರ ಹತ್ತಿರವಿದೆಯೆಂಬದು ಎಲ್ಲರಿಗೂ ತಿಳಿದಿರಲಿ.