ಜಾಲತಾಣಗಳಲ್ಲಿ ಹೆಸರಿನ ಉಲ್ಲೇಖ: ಹುಡುಕುವ ಕ್ರಮ, ಬಳಸುವ ಹೊಣೆ



ಜನರು ತನ್ನ ವಿಷಯದಲ್ಲಿ ಏನು ಆಡಿಕೊಳ್ಳುತ್ತಿದ್ದಾರೆ ಎಂಬುದನ್ನು ತಿಳಿಯುವ ಕುತೂಹಲ ಆಡಳಿತಕ್ಕೆ ಹೊಸದೇನೂ ಅಲ್ಲ. ಹಿಂದಿನ ಅರಸರು ಮಾರುವೇಷದಲ್ಲಿ ಊರು ಸುತ್ತುತ್ತಿದ್ದರೆಂಬ ಕಥೆಗಳನ್ನು ಎಲ್ಲರೂ ಬಾಲ್ಯದಲ್ಲಿ ಕೇಳಿದ್ದಾರೆ. ಮುದ್ರಣ ಯುಗ ಬಂದ ಮೇಲೆ ಈ ಕಾರ್ಯ ಕಚೇರಿಯ ಮೇಜಿನ ಮೇಲೆ ನಡೆಯತೊಡಗಿತು. ಇಂದು ಅದೇ ಕಾರ್ಯ ಅಂಗೈಯಲ್ಲಿನ ದೂರವಾಣಿಯ ಮೇಲೆ, ಕ್ಷಣಮಾತ್ರದಲ್ಲಿ ನಡೆಯುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಖಾತೆ ಹೊಂದಿರುವ ಪ್ರತಿಯೊಂದು ಕಚೇರಿ, ಸಂಸ್ಥೆ ಹಾಗೂ ವ್ಯಕ್ತಿಗೆ ತನ್ನ ಹೆಸರು ಎಲ್ಲೆಲ್ಲಿ ಉಲ್ಲೇಖಗೊಂಡಿದೆ ಎಂದು ಹುಡುಕುವ ಸಾಧನ ಲಭ್ಯವಿದೆ. ಆದರೆ ಹುಡುಕಿ ತೆಗೆದ ಉಲ್ಲೇಖವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಸಾಧನದಿಂದ ಬಗೆಹರಿಯುವುದಿಲ್ಲ. ಈ ಪ್ರಶ್ನೆಗೆ ಪುಣೆ ನಗರದ ಇತಿಹಾಸದಲ್ಲಿಯೇ ಬೋಧಪ್ರದವಾದ ನಿದರ್ಶನಗಳಿವೆ.

ಪುಣೆಯ ಪಾಠ

1881ರ ಜನವರಿಯಲ್ಲಿ ಪುಣೆಯಿಂದ ಮರಾಠಿಯ 'ಕೇಸರಿ' ಹಾಗೂ ಇಂಗ್ಲಿಷಿನ 'ಮರಾಠಾ' ಪತ್ರಿಕೆಗಳು ಹೊರಡತೊಡಗಿದವು. ವಿಷ್ಣುಶಾಸ್ತ್ರೀ ಚಿಪಳೂಣಕರ, ಬಾಲ ಗಂಗಾಧರ ತಿಲಕ, ಗೋಪಾಲ ಗಣೇಶ ಆಗರಕರ ಇವರ ಹಿಂದಿನ ಶಕ್ತಿಯಾಗಿದ್ದರು. ಆ ವೇಳೆಗಾಗಲೇ ಮುಂಬಯಿ ಪ್ರಾಂತ್ಯದ ಸರ್ಕಾರ ದೇಶಭಾಷಾ ಪತ್ರಿಕೆಗಳನ್ನು ಓದಿಸಿ, ಸರ್ಕಾರದ ಕುರಿತು ಬಂದ ಬರಹಗಳ ಸಾರವನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ವಾರವಾರವೂ ಗೋಪ್ಯ ವರದಿಯಾಗಿ ಅಧಿಕಾರಿಗಳಿಗೆ ಹಂಚುವ ವ್ಯವಸ್ಥೆ ಮಾಡಿಕೊಂಡಿತ್ತು. ಮರಾಠಿ, ಗುಜರಾತಿ ಪತ್ರಿಕೆಗಳಂತೆಯೇ ಕನ್ನಡದ ಪತ್ರಿಕೆಗಳೂ ಈ ವರದಿಗಳ ವ್ಯಾಪ್ತಿಗೆ ಬರುತ್ತಿದ್ದವು. ಹೆಸರಿನ ಉಲ್ಲೇಖವನ್ನು ಹುಡುಕುವ ಕೆಲಸ ಅಂದು ಅಚ್ಚುಕಟ್ಟಾಗಿಯೇ ನಡೆದಿತ್ತು. ಕೊರತೆ ಇದ್ದುದು ಅದರ ಬಳಕೆಯಲ್ಲಿ.

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ಅದೇ ವರ್ಷ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ರ‍್ಯಾಂಡ್ ಎಂಬ ಅಧಿಕಾರಿಯ ನೇತೃತ್ವದ ಸಮಿತಿ ಸೈನಿಕರಿಂದ ಮನೆಮನೆ ಶೋಧ ನಡೆಸಿತು. ದೇವರ ಕೋಣೆ, ಅಡುಗೆಮನೆ ಎನ್ನದೆ ಒಳನುಗ್ಗಿದ ಈ ಶೋಧದ ಬಗ್ಗೆ ಪತ್ರಿಕೆಗಳಲ್ಲಿ ದೂರುಗಳು ಬಂದವು. ಅವು ಸರ್ಕಾರದ ಕಣ್ಣಿಗೆ ಬೀಳದೆ ಹೋಗಲಿಲ್ಲ. ಬಿದ್ದರೂ ಪರಿಹಾರ ದೊರೆಯಲಿಲ್ಲ. ಜೂನ್ 22ರ ರಾತ್ರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದನು. ಆ ಬಳಿಕ 'ಕೇಸರಿ'ಯಲ್ಲಿ ಶಿವಾಜಿ ಉತ್ಸವದ ಸಂದರ್ಭದಲ್ಲಿ ಅಚ್ಚಾಗಿದ್ದ ಬರಹಗಳನ್ನೇ ರಾಜದ್ರೋಹವೆಂದು ಪರಿಗಣಿಸಿ ತಿಲಕರಿಗೆ 18 ತಿಂಗಳ ಶಿಕ್ಷೆ ವಿಧಿಸಲಾಯಿತು. ದೂರನ್ನು ದೂರೆಂದು ಓದದ ಆಡಳಿತ ಅದನ್ನು ದ್ರೋಹವೆಂದು ಓದುವ ಹಂತಕ್ಕೆ ಬಂದು ನಿಂತಿತು.

ಅದೇ ವರ್ಷದ ಇನ್ನೊಂದು ಘಟನೆ ಇದರ ಮತ್ತೊಂದು ಮುಖವನ್ನು ತೋರಿಸುತ್ತದೆ. ಇಂಗ್ಲೆಂಡಿನಲ್ಲಿದ್ದ ಗೋಪಾಲ ಕೃಷ್ಣ ಗೋಖಲೆಯವರಿಗೆ ಪುಣೆಯ ಮಿತ್ರರಿಂದ ಸೈನಿಕರ ಅತ್ಯಾಚಾರಗಳನ್ನು ಕುರಿತ ಪತ್ರಗಳು ತಲುಪಿದವು. ಅವುಗಳನ್ನು ನಂಬಿ ಅವರು ಅಲ್ಲಿನ ಪತ್ರಿಕೆಗೆ ಹೇಳಿಕೆ ನೀಡಿದರು. ಸ್ವದೇಶಕ್ಕೆ ಮರಳಿದ ಮೇಲೆ ಸಾಕ್ಷ್ಯ ಒದಗಿಸಲು ಯಾರೂ ಮುಂದೆ ಬರಲಿಲ್ಲ. ಗೋಖಲೆಯವರು ಬಹಿರಂಗವಾಗಿ ಕ್ಷಮೆ ಯಾಚಿಸಬೇಕಾಯಿತು. ಕೈಗೆ ಬಂದ ಮಾತನ್ನು ಪರಿಶೀಲಿಸದೆ ಬಳಸಿದರೆ ಸದುದ್ದೇಶವೂ ರಕ್ಷಣೆ ನೀಡದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಲ್ಲೇಖ ಎಂದರೇನು?

ಅಂಗಡಿಯ ಬಿಲ್ಲುಗಳಲ್ಲಿ 'ಇಂಥ ದರದಂತೆ' ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದ 'ಆ್ಯಟ್' ಚಿಹ್ನೆಯನ್ನು 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞರು ಮಿಂಚಂಚೆಯ ವಿಳಾಸಕ್ಕೆ ಅಳವಡಿಸಿದರು. 2006ರಲ್ಲಿ ಟ್ವಿಟರ್ ಆರಂಭವಾದಾಗ ಬಳಕೆದಾರರು ಒಬ್ಬರನ್ನೊಬ್ಬರು ಸಂಬೋಧಿಸಲು ಇದೇ ಚಿಹ್ನೆಯನ್ನು ತಾವಾಗಿಯೇ ರೂಢಿಗೆ ತಂದರು. 2009ರಲ್ಲಿ ಟ್ವಿಟರ್ ಈ ರೂಢಿಗೆ 'ಉಲ್ಲೇಖ' ಎಂಬ ಹೆಸರು ನೀಡಿತು. ಅದೇ ವರ್ಷ ಫೇಸ್‌ಬುಕ್ ಸಹ ಇದನ್ನು ಅಳವಡಿಸಿಕೊಂಡಿತು. ಟ್ವಿಟರ್ 2023ರ ಜುಲೈನಿಂದ 'ಎಕ್ಸ್' ಎಂಬ ಹೆಸರು ಪಡೆದಿದೆ.

ಉಲ್ಲೇಖಗಳು ಮೂರು ಬಗೆಯವು. ಖಾತೆಯ ಹೆಸರನ್ನು ಚಿಹ್ನೆಯೊಡನೆ ಬರೆಯುವುದು ಮೊದಲನೆಯದು. ಇದರ ಸೂಚನೆ ಸಾಮಾನ್ಯವಾಗಿ ಖಾತೆದಾರರಿಗೆ ತಾನಾಗಿಯೇ ತಲುಪುತ್ತದೆ. ಛಾಯಾಚಿತ್ರಕ್ಕೆ ಹೆಸರು ಜೋಡಿಸುವುದು ಎರಡನೆಯದು. ಚಿಹ್ನೆಯಿಲ್ಲದೆ ಬರಿಯ ಹೆಸರನ್ನು ಬರೆಯುವುದು ಮೂರನೆಯದು. ಇದರ ಸೂಚನೆ ಬರುವುದಿಲ್ಲ. ಜನಸಾಮಾನ್ಯರ ಅಸಮಾಧಾನ ಬಹುಮಟ್ಟಿಗೆ ಅಡಗಿರುವುದು ಈ ಮೂರನೆಯ ಬಗೆಯಲ್ಲಿ. ಆದುದರಿಂದ ಸೂಚನೆಗಳನ್ನಷ್ಟೇ ಓದಿ ತೃಪ್ತಿಪಡುವ ಕಚೇರಿ, ಬಾಗಿಲು ತಟ್ಟಿದವರ ಮಾತನ್ನು ಮಾತ್ರ ಕೇಳಿ ಜಗಲಿಯ ಮೇಲೆ ಕುಳಿತವರನ್ನು ಮರೆತಂತಾಗುತ್ತದೆ.

ಹುಡುಕುವ ಕ್ರಮ

ಹುಡುಕಾಟದಲ್ಲಿ ಮೊದಲು ಹೆಸರಿನ ಎಲ್ಲ ರೂಪಗಳನ್ನೂ ಪಟ್ಟಿ ಮಾಡಿಕೊಳ್ಳಬೇಕು. ಪುಣೆಯನ್ನು 'ಪುಣೆ', 'ಪುಣೇ', 'ಪೂನಾ' ಎಂದೆಲ್ಲ ಬರೆಯುವುದುಂಟು. ಮರಾಠಿ ಹಾಗೂ ಹಿಂದಿಯಲ್ಲಿ ದೇವನಾಗರಿ ಲಿಪಿ, ಕನ್ನಡಿಗರಲ್ಲಿ ಕನ್ನಡ ಲಿಪಿ, ಯುವಜನರಲ್ಲಿ ಬಹುಮಟ್ಟಿಗೆ ರೋಮನ್ ಲಿಪಿ ರೂಢಿಯಲ್ಲಿವೆ. ಕಾಗುಣಿತದ ತಪ್ಪುಗಳನ್ನೂ ಪಟ್ಟಿಗೆ ಸೇರಿಸುವುದು ಯುಕ್ತ; ಆತಂಕದಲ್ಲಿರುವವರು ಕಾಗುಣಿತ ನೋಡಿಕೊಂಡು ಬರೆಯುವುದಿಲ್ಲ. ಒಂದು ಪದಗುಚ್ಛವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ಅದೇ ಅನುಕ್ರಮದ ಬರಹಗಳು ದೊರೆಯುತ್ತವೆ. ಎಕ್ಸ್‌ನಂತಹ ತಾಣಗಳಲ್ಲಿ ಸ್ವಂತ ಖಾತೆಯ ಬರಹಗಳನ್ನು ಕೈಬಿಡಲು ಹಾಗೂ ನಿರ್ದಿಷ್ಟ ದಿನಾಂಕಗಳ ನಡುವೆ ಹುಡುಕಲು ಅವಕಾಶವಿದೆ.

ಈ ಹುಡುಕಾಟಕ್ಕೆ ಮಿತಿಗಳೂ ಉಂಟು. ಬರೆದವರು ಖಾಸಗಿಯಾಗಿ ಇರಿಸಿದ ಬರಹ ಹೊರಗಿನವರಿಗೆ ಕಾಣಿಸದು. ಅಳಿಸಿಹಾಕಿದ ಬರಹ ಮರಳಿ ಸಿಗದು. ವಾಟ್ಸ್‌ಆ್ಯಪ್‌ನ ಖಾಸಗಿ ಸಂದೇಶಗಳನ್ನು ಮೂರನೆಯವರು ಹುಡುಕಲು ಸಾಧ್ಯವೇ ಇಲ್ಲ. 2012ರ ಆಗಸ್ಟ್ ತಿಂಗಳಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ನಡೆಯಲಿದೆ ಎಂಬ ವದಂತಿ ಕಿರುಸಂದೇಶಗಳ ಮೂಲಕ ಹರಡಿ, ಬೆಂಗಳೂರು, ಪುಣೆ ಮೊದಲಾದ ನಗರಗಳಿಂದ ಸಹಸ್ರಾರು ಜನ ರೈಲು ಹತ್ತಿ ಊರು ಬಿಟ್ಟರು. ಸರ್ಕಾರ ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಿರುಸಂದೇಶ ಕಳುಹಿಸುವುದನ್ನು ಹದಿನೈದು ದಿನ ನಿರ್ಬಂಧಿಸಿತು. ವದಂತಿ ಯಾವ ಅಧಿಕೃತ ಖಾತೆಯನ್ನೂ ಉಲ್ಲೇಖಿಸಿ ಹರಡುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಆದ್ದರಿಂದ ಹೆಸರನ್ನು ಹುಡುಕುವುದರ ಜತೆಗೆ ವಿಷಯವನ್ನೂ ಸ್ಥಳವನ್ನೂ ಹುಡುಕಬೇಕು. ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುಳ್ಳು ಸುದ್ದಿಗಳ ಪರಿಶೀಲನೆಗೆ ವಾರ್ತಾ ಶಾಖೆಯಾದ ಪಿಐಬಿಯಲ್ಲಿ 2019ರಿಂದ ಪ್ರತ್ಯೇಕ ಘಟಕವಿದೆ.

ಬಳಸುವ ಕ್ರಮ

ದೊರೆತ ಉಲ್ಲೇಖಗಳನ್ನು ದೂರು, ಪ್ರಶ್ನೆ, ಸಲಹೆ, ಪ್ರಶಂಸೆ, ವದಂತಿ, ನಕಲಿ ಖಾತೆ ಎಂದು ವಿಂಗಡಿಸುವುದು ಮೊದಲ ಹೆಜ್ಜೆ. ಜೀವಕ್ಕೆ ಸಂಬಂಧಿಸಿದುದು ಮೊದಲು, ಉಳಿದುದು ನಂತರ. ಎರಡನೆಯ ಹೆಜ್ಜೆ ವ್ಯಾಪ್ತಿಯ ನಿರ್ಧಾರ. ಪುಣೆಯ ನಿವಾಸಿಗೆ ರಸ್ತೆಯ ಗುಂಡಿ ಒಂದೇ. ಆದರೆ ಅದು ಪುಣೆ ಮಹಾನಗರಪಾಲಿಕೆಗೆ ಸೇರಿದ್ದೋ, 1982ರಲ್ಲಿ ರಚನೆಯಾದ ಪಿಂಪ್ರಿ-ಚಿಂಚವಾಡ ಪಾಲಿಕೆಗೋ, ಇಲ್ಲವೇ ಪುಣೆ, ಖಡಕಿ, ದೇಹೂರೋಡ್ ದಂಡುಪ್ರದೇಶಗಳ ಮಂಡಲಿಗೋ ಎಂಬುದು ಆತನಿಗೆ ತಿಳಿದಿರಬೇಕೆಂದಿಲ್ಲ. ಪೊಲೀಸ್ ವ್ಯವಸ್ಥೆಯಲ್ಲಿಯೂ ಪಿಂಪ್ರಿ-ಚಿಂಚವಾಡಕ್ಕೆ 2018ರ ಆಗಸ್ಟ್ 15ರಿಂದ ಪ್ರತ್ಯೇಕ ಆಯುಕ್ತಾಲಯವಿದೆ. ತನ್ನದಲ್ಲದ ದೂರು ಬಂದಾಗ 'ಇದು ನಮ್ಮ ವ್ಯಾಪ್ತಿಯಲ್ಲಿಲ್ಲ' ಎಂದು ಕೈತೊಳೆದುಕೊಳ್ಳದೆ, ಸಂಬಂಧಿಸಿದ ಖಾತೆಯನ್ನು ಉಲ್ಲೇಖಿಸಿ ಅದನ್ನು ದಾಟಿಸುವುದೇ ಸಾರ್ವಜನಿಕ ಸೇವೆ.

ಈ ದಿಸೆಯಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳು ಅನುಭವ ಗಳಿಸಿವೆ. ಸರ್ಕಾರಿ ಸಂಸ್ಥೆಗಳು ಸಾಮಾಜಿಕ ಮಾಧ್ಯಮವನ್ನು ಬಳಸುವ ಕುರಿತ ಮಾರ್ಗಸೂಚಿಯನ್ನು ವಿದ್ಯುನ್ಮಾನ ಹಾಗೂ ಮಾಹಿತಿ ತಂತ್ರಜ್ಞಾನ ಇಲಾಖೆ 2012ರಲ್ಲಿ ಹೊರಡಿಸಿತು. ವಿದೇಶಗಳಲ್ಲಿ ಸಂಕಷ್ಟಕ್ಕೆ ಸಿಲುಕಿದವರ ಉಲ್ಲೇಖಗಳಿಗೆ 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ಸ್ವತಃ ಸ್ಪಂದಿಸುತ್ತಿದ್ದುದು ಸರ್ವವಿದಿತ. ರೈಲ್ವೆ ಇಲಾಖೆ ಪ್ರಯಾಣಿಕರ ಉಲ್ಲೇಖಗಳನ್ನು ವಿಭಾಗವಾರು ಅಧಿಕಾರಿಗಳಿಗೆ ತಲುಪಿಸುವ ವ್ಯವಸ್ಥೆಯನ್ನು 2016ರಲ್ಲಿ ಅಳವಡಿಸಿಕೊಂಡಿತು.

ಇಷ್ಟಾದರೂ ಜಾಲತಾಣದಲ್ಲಿ ಮಾಡಿದ ಉಲ್ಲೇಖ ನೋಂದಾಯಿತ ದೂರಿಗೆ ಸಮನಲ್ಲ ಎಂಬುದನ್ನು ನಾಗರಿಕರು ಮರೆಯಬಾರದು. ಅದಕ್ಕೆ ನೋಂದಣಿ ಸಂಖ್ಯೆಯಿಲ್ಲ, ಕಾಲಮಿತಿಯಿಲ್ಲ, ಮೇಲ್ಮನವಿಯೂ ಇಲ್ಲ. ಕೇಂದ್ರದ ಕಚೇರಿಗಳಿಗೆ ಸಂಬಂಧಿಸಿದ ದೂರನ್ನು 'ಸಿಪಿಗ್ರಾಮ್ಸ್' ತಾಣದಲ್ಲಿ ದಾಖಲಿಸಿ ಸಂಖ್ಯೆ ಪಡೆದುಕೊಳ್ಳಬೇಕು. 2024ರ ಆಗಸ್ಟ್‌ನ ಮಾರ್ಗಸೂಚಿ ಇಂತಹ ದೂರುಗಳ ವಿಲೇವಾರಿಗೆ 21 ದಿನಗಳ ಅವಧಿಯನ್ನು ನಿಗದಿಪಡಿಸಿತು. ಜಾಲತಾಣದ ಉಲ್ಲೇಖ ಗಮನ ಸೆಳೆಯುವ ಕರೆಗಂಟೆ. ಅರ್ಜಿಯ ಸ್ಥಾನವನ್ನು ಅದು ತುಂಬಲಾರದು.

ಹೊಂಚಿನ ಕಣ್ಣುಗಳು

ಉಲ್ಲೇಖಗಳನ್ನು ಹುಡುಕುವವರು ಕಚೇರಿಯವರು ಮಾತ್ರವಲ್ಲ, ವಂಚಕರೂ ಹೌದು. ಬ್ಯಾಂಕಿನಲ್ಲಿ ಹಣ ಸಿಕ್ಕಿಹಾಕಿಕೊಂಡಿದೆ ಎಂದು ಗ್ರಾಹಕನೊಬ್ಬ ಬ್ಯಾಂಕಿನ ಖಾತೆಯನ್ನು ಉಲ್ಲೇಖಿಸಿ ಬರೆಯುತ್ತಾನೆ. ಕೆಲವೇ ನಿಮಿಷಗಳಲ್ಲಿ ಬ್ಯಾಂಕಿನ ಲಾಂಛನ ಧರಿಸಿದ ಖಾತೆಯೊಂದರಿಂದ ವಿನಯಪೂರ್ವಕ ಉತ್ತರ ಬರುತ್ತದೆ, ಮೊಬೈಲ್ ಸಂಖ್ಯೆ ಕೊಡುವಂತೆ ಕೇಳಲಾಗುತ್ತದೆ, ಕರೆ ಬರುತ್ತದೆ, ಒಟಿಪಿ ಕೇಳಲಾಗುತ್ತದೆ. ನಿಜವಾದ ಬ್ಯಾಂಕು ಉತ್ತರಿಸುವ ವೇಳೆಗೆ ಉಳಿತಾಯ ಖಾಲಿಯಾಗಿರುತ್ತದೆ. ಪರಿಹಾರ ಕೋರಿದ ಕೂಗೇ ಇಲ್ಲಿ ಬೇಟೆಗಾರನಿಗೆ ಗುರುತಾಗಿ ಒದಗುತ್ತದೆ.

ಆದುದರಿಂದ ಬಹಿರಂಗ ಬರಹದಲ್ಲಿ ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆ, ಆಧಾರ್ ಸಂಖ್ಯೆ, ಟಿಕೇಟಿನ ಪಿಎನ್‌ಆರ್ ಸಂಖ್ಯೆ ಇವುಗಳನ್ನು ಎಂದಿಗೂ ಬರೆಯಬಾರದು. ಉತ್ತರಿಸಿದ ಖಾತೆಯ ಹೆಸರಿನ ಒಂದೊಂದು ಅಕ್ಷರವನ್ನೂ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಮುದ್ರಿತವಾದ ಹೆಸರಿನೊಡನೆ ಹೋಲಿಸಿ ನೋಡಬೇಕು. ಒಟಿಪಿ ಕೇಳಿದವರು ಯಾರೇ ಆಗಿರಲಿ, ಮಾತು ಅಲ್ಲಿಗೆ ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಆರಂಭದ ಗಳಿಗೆಗಳಲ್ಲಿ ದೂರು ಬಂದರೆ ಹಣದ ಸಾಗಾಟವನ್ನು ತಡೆಯುವ ಸಾಧ್ಯತೆ ಹೆಚ್ಚು. ಕಚೇರಿಗಳೂ ತಮ್ಮ ಹೆಸರಿನ ನಕಲಿ ಖಾತೆಗಳನ್ನು ನಿಯಮಿತವಾಗಿ ಹುಡುಕಬೇಕು. ಕಂಪ್ಯೂಟರ್ ಸಾಧನದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಪ್ರಕರಣದಂತೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಜಾಲತಾಣದ ಕಂಪನಿಯ ದೂರು ಅಧಿಕಾರಿಯಿಂದ ನ್ಯಾಯ ಸಿಗದಿದ್ದರೆ, 2023ರಲ್ಲಿ ರಚಿತವಾದ ದೂರು ಮೇಲ್ಮನವಿ ಸಮಿತಿಗಳ ಮೊರೆಹೋಗಬಹುದು.

ವ್ಯಕ್ತಿಗಳಿಗೂ ಈ ಎಚ್ಚರ ಅಗತ್ಯ. ತಮ್ಮನ್ನು ಯಾರು ಉಲ್ಲೇಖಿಸಬಹುದು, ಯಾರು ತಮ್ಮ ಹೆಸರನ್ನು ಚಿತ್ರಕ್ಕೆ ಜೋಡಿಸಬಹುದು ಎಂಬುದನ್ನು ಖಾತೆಯ ವ್ಯವಸ್ಥೆಯಲ್ಲಿ ನಿಯಂತ್ರಿಸಲು ಸಾಧ್ಯವಿದೆ. ನಿಂದನೆಯ ಉಲ್ಲೇಖ ಕಂಡಾಗ ಅದನ್ನು ಕೂಡಲೇ ಅಳಿಸಿಹಾಕುವುದಕ್ಕಿಂತ, ಅದರ ಚಿತ್ರ, ಕೊಂಡಿ, ದಿನಾಂಕ, ವೇಳೆಗಳನ್ನು ಉಳಿಸಿಕೊಳ್ಳುವುದು ಮೊದಲ ಕರ್ತವ್ಯ. ಅಳಿದ ಬಳಿಕ ಸಾಕ್ಷ್ಯ ಒದಗಿಸುವುದು ಕಷ್ಟ.

ಕೇಳುವ ಕಿವಿ, ಎತ್ತದ ಕೈ

ಟೀಕೆಯ ಉಲ್ಲೇಖವನ್ನು ಶಿಕ್ಷಿಸಲು ಬಳಸುವ ಪ್ರವೃತ್ತಿ ಸ್ವತಂತ್ರ ಭಾರತದಲ್ಲಿಯೂ ಅಳಿದಿರಲಿಲ್ಲ. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಕುರಿತು ಫೇಸ್‌ಬುಕ್‌ನಲ್ಲಿ ಬರೆದ ಯುವತಿ ಹಾಗೂ ಅದಕ್ಕೆ ಮೆಚ್ಚುಗೆ ಸೂಚಿಸಿದ ಆಕೆಯ ಗೆಳತಿ ಬಂಧನಕ್ಕೊಳಗಾದರು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣವನ್ನು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. 2021ರ ಎರಡನೆಯ ಕೋವಿಡ್ ಅಲೆಯಲ್ಲಿ ಪುಣೆಯೂ ಸೇರಿದಂತೆ ದೇಶದ ಅನೇಕ ನಗರಗಳ ಜನ ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಜಾಲತಾಣಗಳಲ್ಲಿ ಮೊರೆಯಿಟ್ಟಾಗ, ಇಂತಹ ಅಳಲನ್ನು ಹತ್ತಿಕ್ಕಕೂಡದೆಂದು ಅದೇ ನ್ಯಾಯಾಲಯ ಏಪ್ರಿಲ್ 30ರಂದು ಎಚ್ಚರಿಸಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಕೋವಿಡ್ ಕಾಲದಲ್ಲಿಯೂ ಜಾರಿಯಲ್ಲಿತ್ತು. ಆದರೆ ಜನರ ದೂರನ್ನು ಓದುವ ರೀತಿ 1897ರದಾಗಿರಬಾರದು ಎಂಬುದೇ ಈ ಎಚ್ಚರಿಕೆಯ ತಾತ್ಪರ್ಯ.

ಉಲ್ಲೇಖಗಳ ಎಣಿಕೆಯೊಂದೇ ಜನಾಭಿಪ್ರಾಯದ ಅಳತೆಗೋಲಾಗದು. ಒಂದೇ ಮಾತನ್ನು ನೂರು ನಕಲಿ ಖಾತೆಗಳು ಕೂಗಬಹುದು. ಕಟ್ಟಡ ಕೆಲಸಕ್ಕಾಗಿ ಕಲಬುರಗಿ, ವಿಜಯಪುರಗಳ ಕಡೆಯಿಂದ ಪುಣೆಗೆ ಬಂದ ಕಾರ್ಮಿಕನ ದೂರು ಯಾವ ಜಾಲತಾಣದಲ್ಲಿಯೂ ಕಾಣದೆ ಹೋಗಬಹುದು. ಆದ ಕಾರಣ ಜಾಲತಾಣ ನೋಡುವ ಸಿಬ್ಬಂದಿಯಿದ್ದ ಮಾತ್ರಕ್ಕೆ ಕಚೇರಿಯ ವಿಚಾರಣಾ ಕಿಟಕಿಯನ್ನು ಮುಚ್ಚಲಾಗದು. ಪ್ರತಿಯೊಂದು ಉಲ್ಲೇಖದ ಹಿಂದೆ ಉತ್ತರಕ್ಕಾಗಿ ಕಾದಿರುವ ವ್ಯಕ್ತಿಯೊಬ್ಬನಿದ್ದಾನೆ ಎಂಬ ಅರಿವಿನಿಂದ ಅಧಿಕಾರಿಗಳು ಓದುವುದೂ, ಬರೆದುದಕ್ಕೆ ತಾನೇ ಹೊಣೆ ಎಂಬ ಅರಿವಿನಿಂದ ನಾಗರಿಕರು ಬರೆಯುವುದೂ ಅವಶ್ಯ. ಈ ಎರಡೂ ಕೂಡಿದಲ್ಲಿ ಆಡಳಿತಕ್ಕೂ ಜನತೆಗೂ ನಡುವಣ ದೂರ ನಿಶ್ಚಯವಾಗಿಯೂ ಕಡಿಮೆಯಾಗುತ್ತದೆ.